ಗೋವಾ ಸಾಸೇಜು, ಬಟಾಟೆ ಮತ್ತು ಕೇಲ್ ಸೊಪ್ಪಿನ ಸೂಪು: ಕಾರವಾರದ ಅಡುಗೆಮನೆಗೆ ಒಗ್ಗುವ ವಿಧಾನ

ಸಾಸೇಜು, ಬಟಾಟೆ ಮತ್ತು ಕೇಲ್ ಸೊಪ್ಪು ಸೇರಿಸಿ ಮಾಡುವ ಹೊಟ್ಟೆ ತುಂಬುವ ಸೂಪಿಗೆ ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆ ರೂಪಗಳಿವೆ. ಪೋರ್ಚುಗಲ್ಲಿನ ಉತ್ತರ ಭಾಗದ ಮಿನ್ಹೊ ಪ್ರಾಂತ್ಯದಿಂದ ಬಂದ ‘ಕಾಲ್ಡೊ ವೆರ್ದೆ’ಯಲ್ಲಿ ಬಟಾಟೆಯನ್ನು ಬೇಯಿಸಿ ಮಸೆದು, ಕೂದಲೆಳೆಯಂತೆ ಹೆಚ್ಚಿದ ಸೊಪ್ಪನ್ನು ಅದರಲ್ಲಿ ಸ್ವಲ್ಪ ಹೊತ್ತು ಕುದಿಸಿ, ಬಡಿಸುವಾಗ ಒಂದೆರಡು ಬಿಲ್ಲೆ ಸಾಸೇಜು ಇಡುತ್ತಾರೆ. ಅಮೆರಿಕದ ಇಟಾಲಿಯನ್ ಹೋಟೆಲುಗಳಿಂದ ಹೆಸರಾದ ಇನ್ನೊಂದು ರೂಪದಲ್ಲಿ ಹಸಿ ಸಾಸೇಜನ್ನು ಮೊದಲೇ ಹುರಿದು, ಅದೇ ಪಾತ್ರೆಗೆ ಬಟಾಟೆ, ನೀರು, ಸೊಪ್ಪು ಹಾಕಿ, ಕೊನೆಗೆ ಕ್ರೀಮ್ ಸುರಿಯುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಪಾಕವಿಧಾನಗಳಲ್ಲಿ ಹೆಚ್ಚಿನವು ಈ ಎರಡನೆಯ ರೂಪವನ್ನು ಹಿಡಿದು ಬರೆದವು. ಆದರೆ ಕಾರವಾರದಲ್ಲಿ ಇದನ್ನು ಮಾಡಹೊರಟವರ ಕೈಗೆ ಸುಲಭವಾಗಿ ಸಿಗುವುದು ಗೋವಾ ಸಾಸೇಜು. ವಿನೆಗರಿನಲ್ಲಿ ನೆನೆದು, ಉಪ್ಪು ಖಾರ ಹೀರಿ, ಒಣಗಿ ಬಂದ ಈ ಸಾಸೇಜನ್ನು ಇಟಾಲಿಯನ್ ಸಾಸೇಜಿನ ಜಾಗದಲ್ಲಿ ಅದೇ ಅಳತೆಯಲ್ಲಿ, ಅದೇ ಸರದಿಯಲ್ಲಿ ಹಾಕಿದರೆ ಬಟಾಟೆ ಬೇಯಲು ಹಠ ಮಾಡುತ್ತದೆ, ಉಪ್ಪು ಮೀರುತ್ತದೆ, ಸೊಪ್ಪು ಕಂದುಗಟ್ಟುತ್ತದೆ. ಈ ಮೂರು ತೊಂದರೆಗಳಿಗೂ ಮದ್ದು ಇರುವುದು ಯಾವುದನ್ನು ಯಾವಾಗ ಪಾತ್ರೆಗೆ ಹಾಕಬೇಕೆಂಬ ಸರದಿಯಲ್ಲಿ. ಕೆಳಗಿನ ವಿಧಾನವನ್ನು ಅದನ್ನೇ ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ.

ನಾಲ್ಕು ಜನರ ಊಟಕ್ಕೆ ಗೋವಾ ಸಾಸೇಜು 150ರಿಂದ 200 ಗ್ರಾಂ, ಬಟಾಟೆ ಅರ್ಧ ಕಿಲೋ, ಮಧ್ಯಮ ಗಾತ್ರದ ಈರುಳ್ಳಿ ಎರಡು, ಬೆಳ್ಳುಳ್ಳಿ ಆರೆಂಟು ಎಸಳು, ದಂಟು ತೆಗೆದ ಸೊಪ್ಪು 200 ಗ್ರಾಂ, ನೀರು ಒಂದೂಕಾಲು ಲೀಟರ್, ಕುಟ್ಟಿದ ಕಾಳುಮೆಣಸು ಅರ್ಧ ಚಮಚ ಇದ್ದರೆ ಸಾಕು. ಎಣ್ಣೆ ಬೇಕಾಗುವುದಿಲ್ಲ. ಪಾಶ್ಚಾತ್ಯ ಪಾಕವಿಧಾನಗಳು ನಾಲ್ವರಿಗೆ ಅರ್ಧ ಕಿಲೋದಷ್ಟು ಸಾಸೇಜು ಹೇಳುವುದುಂಟು. ಗೋವಾ ಸಾಸೇಜಿನಲ್ಲಿ ಆ ಅಳತೆ ಹಿಡಿದರೆ ಸೂಪು ಬಾಯಿಗಿಡಲು ಬರುವುದಿಲ್ಲ. ಮೊದಲ ಸಲ ಮಾಡುವವರು 150 ಗ್ರಾಮಿಗೆ ನಿಲ್ಲುವುದು ಒಳ್ಳೆಯದು.

ಸಾಸೇಜನ್ನು ಆರಿಸುವುದು

ಗೋವಾ ಸಾಸೇಜೆಂದರೆ ಹಂದಿಮಾಂಸವನ್ನೂ ಕೊಬ್ಬನ್ನೂ ಸಣ್ಣ ತುಂಡುಗಳಾಗಿ ಕತ್ತರಿಸಿ, ಉಪ್ಪು, ಕಾಶ್ಮೀರಿ ಮೆಣಸು, ಬೆಳ್ಳುಳ್ಳಿ, ಶುಂಠಿ, ಅರಿಶಿನ, ಕಾಳುಮೆಣಸು, ಲವಂಗ, ದಾಲ್ಚಿನ್ನಿ ಮೊದಲಾದವನ್ನು ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರಿನಲ್ಲಿ ಅರೆದ ಮಸಾಲೆಯಲ್ಲಿ ನೆನೆಸಿ, ಕರುಳಿನ ಹೊದಿಕೆಯಲ್ಲಿ ತುಂಬಿ, ದಾರದಿಂದ ಗಂಟುಗಂಟಾಗಿ ಕಟ್ಟಿ, ಬಿಸಿಲಿನಲ್ಲಿಯೂ ಒಲೆಯ ಹೊಗೆಯಲ್ಲಿಯೂ ಒಣಗಿಸಿದ ಪದಾರ್ಥ. ಮಳೆಗಾಲಕ್ಕೆಂದು ಬೇಸಿಗೆಯಲ್ಲಿಯೇ ಮಾಡಿಡುವ ದಾಸ್ತಾನಿನಲ್ಲಿ ಒಣಮೀನು, ಉಪ್ಪಿನಕಾಯಿಗಳ ಜೊತೆ ಇದಕ್ಕೂ ಒಂದು ಜಾಗವಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಹಸಿ ಮೀನು ದುಬಾರಿಯಾಗುವ ಆ ಎರಡು ತಿಂಗಳೇ ಈ ಸೂಪಿಗೆ ಹೇಳಿ ಮಾಡಿಸಿದ ಕಾಲ ಎಂಬುದು ನನ್ನ ಅಭಿಪ್ರಾಯ. ಮಾಜಾಳಿ ದಾಟಿ ಕಾಣಕೋಣಕ್ಕೋ ಮಡಗಾಂವಿಗೋ ಹೋಗಿ ಬರುವವರಿಗೆ ಹೇಳಿದರೆ ಮಾಲೆ ಮಾಲೆಯಾಗಿಯೇ ತಂದುಕೊಡುತ್ತಾರೆ.

ಜಪಮಾಲೆಯ ಮಣಿಗಳ ಗಾತ್ರದ ಸಣ್ಣ ಸಾಸೇಜೂ ಇದೆ, ಬೆರಳುದ್ದದ ದಪ್ಪ ಸಾಸೇಜೂ ಇದೆ. ಮಣಿಗಳ ಗಾತ್ರ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತೆರನಾಗಿರುವುದರಿಂದ ಎಣಿಸಿ ಕೊಳ್ಳುವ ಬದಲು ತೂಗಿಸಿ ಕೊಳ್ಳಬೇಕು. ಒಳ್ಳೆಯ ಸಾಸೇಜನ್ನು ಹೆಬ್ಬೆರಳಿನಿಂದ ಒತ್ತಿದರೆ ಹೊರಗೆ ಒಣಗಿದ್ದರೂ ಒಳಗೆ ಸ್ವಲ್ಪ ಮೆದುವಾಗಿ ಹತ್ತುತ್ತದೆ. ಬೆರಳಿಗೆ ಕೆಂಪು ಎಣ್ಣೆಯ ಪಸೆ ಅಂಟುತ್ತದೆಯೇ ಹೊರತು ಲೋಳೆ ಅಂಟುವುದಿಲ್ಲ. ಮೂಗಿಗೆ ಮೊದಲು ವಿನೆಗರಿನ ಹುಳಿ, ಆಮೇಲೆ ಬೆಳ್ಳುಳ್ಳಿ ಬರಬೇಕು. ಕೊಬ್ಬಿನ ತುಂಡುಗಳು ಹಳದಿಗಟ್ಟಿದ್ದರೆ, ಹಳೆಯ ಎಣ್ಣೆಯ ಕಮಟು ವಾಸನೆ ಇದ್ದರೆ, ಅಥವಾ ಗಂಟಿನ ಬುಡದಲ್ಲಿ ಹಸಿರು, ಕಪ್ಪು ಬೂಸಲು ಕಂಡರೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಗಂಟಿನ ಬುಡವನ್ನು ನೋಡದೆ ಕೊಳ್ಳಲೇಬಾರದು. ಇನ್ನೊಂದು ಮುಖ್ಯ ವಿಷಯವೆಂದರೆ, ಒಣಗಿದಂತೆ ಕಂಡರೂ ಇದು ಹಸಿ ಮಾಂಸವೇ. ಕತ್ತರಿಸುವಾಗ ರುಚಿ ನೋಡಲು ಹೋಗದೆ, ಪೂರ್ತಿ ಬೇಯಿಸಿಯೇ ತಿನ್ನಬೇಕು.

ಸೊಪ್ಪಿನ ಪ್ರಶ್ನೆ

ಕೇಲ್ ತಂಪು ಹವೆಯ ಬೆಳೆ. ದೊಡ್ಡ ನಗರಗಳ ಅಂಗಡಿಗಳಲ್ಲಿ ಸಿಗುವ ಇದು ಕಾರವಾರ, ಅಂಕೋಲಾ, ಕುಮಟಾದ ಮಾರುಕಟ್ಟೆಗಳಿಗೆ ಬರುವುದು ಅಪರೂಪ. ಅದಕ್ಕಾಗಿ ಸೂಪನ್ನು ಕೈಬಿಡಬೇಕಾಗಿಲ್ಲ. ಕೇಲ್, ಎಲೆಕೋಸು, ಹೂಕೋಸು, ನವಿಲುಕೋಸು ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದದ ತಳಿಗಳು. ಕೇಲಿನಲ್ಲಿ ಎಲೆಯನ್ನೂ ನವಿಲುಕೋಸಿನಲ್ಲಿ ಊದಿದ ಕಾಂಡವನ್ನೂ ಬೆಳೆಸಿದ್ದಾರೆ, ಅಷ್ಟೇ ವ್ಯತ್ಯಾಸ. ಹೀಗಾಗಿ ನವಿಲುಕೋಸಿನ ಎಲೆ ಕೇಲಿಗೆ ಅತ್ಯಂತ ಹತ್ತಿರದ ಬದಲಿ. ರುಚಿಯಲ್ಲೂ ಹೌದು, ಕುದಿಯಲ್ಲಿ ಕರಗಿಹೋಗದೆ ನಿಲ್ಲುವ ಗುಣದಲ್ಲೂ ಹೌದು. ಘಟ್ಟದ ಮೇಲಿನಿಂದ ಬರುವ ನವಿಲುಕೋಸಿನ ಎಲೆಗಳನ್ನು ವ್ಯಾಪಾರಿಗಳು ತೂಗುವ ಮೊದಲೇ ಮುರಿದು ಬುಟ್ಟಿಯ ಪಕ್ಕಕ್ಕೆ ಎಸೆಯುತ್ತಾರೆ. ಕಾರವಾರದ ಭಾನುವಾರದ ಸಂತೆಯಲ್ಲಿ “ಅಕ್ಕಾ, ಎಲೆ ಮುರೀಬೇಡಿ, ನನಗೆ ಬೇಕು” ಎಂದರೆ ಸಾಕು, ಪಕ್ಕದ ರಾಶಿಯಿಂದಲೂ ನಾಲ್ಕು ಎಲೆ ಎತ್ತಿ ಚೀಲಕ್ಕೆ ಹಾಕುವವರಿದ್ದಾರೆ. ಹೂಕೋಸಿನ ಒಳಸುತ್ತಿನ ಎಳೆಯ ಎಲೆಗಳೂ ಆಗುತ್ತವೆ.

ಉಳಿದ ಸೊಪ್ಪುಗಳಲ್ಲಿ ಎಲ್ಲವೂ ಇದಕ್ಕೆ ಹೊಂದುವುದಿಲ್ಲ. ನುಗ್ಗೆಸೊಪ್ಪು ಹೊಂದುತ್ತದೆ, ಅದರ ಸಣ್ಣ ಕಹಿ ಸಾಸೇಜಿನ ಜಿಡ್ಡಿಗೆ ಒಳ್ಳೆಯ ಜೊತೆ. ಮೂಲಂಗಿ ಸೊಪ್ಪನ್ನು ಅರ್ಧ ಪಾಲು ಬೆರೆಸಬಹುದು. ಕೆಂಪು ಹರಿವೆ ಸೂಪಿಗೆಲ್ಲ ಬಣ್ಣ ಬಿಡುತ್ತದೆ, ಬಸಳೆ ಲೋಳೆ ಬಿಡುತ್ತದೆ, ಪಾಲಕ್ ನಿಮಿಷದಲ್ಲಿ ಮುದ್ದೆಯಾಗುತ್ತದೆ. ಬಸಳೆಯನ್ನು ಸಿಗಡಿಯ ಜೊತೆಗೇ ಬಿಡುವುದು ಲೇಸು.

ಕೋಸಿನ ಜಾತಿಯ ಎಲೆಗಳ ಅಡಿಯಲ್ಲಿ ಸಣ್ಣ ಹಸಿರು ಹುಳುಗಳು ಅಡಗಿ ಕೂತಿರುತ್ತವೆ. ಅಗಲವಾದ ಪಾತ್ರೆಯ ನೀರಿಗೆ ಒಂದು ಚಮಚ ಉಪ್ಪು, ಚಿಟಿಕೆ ಅರಿಶಿನ ಹಾಕಿ ಎಲೆಗಳನ್ನು ಹತ್ತು ನಿಮಿಷ ಮುಳುಗಿಸಿಟ್ಟು, ಒಂದೊಂದನ್ನೇ ತಿರುವಿ ನೋಡಿ ತೊಳೆಯಬೇಕು. ಅನಂತರ ನಡುವಿನ ದಂಟನ್ನು ಸೀಳಿ ತೆಗೆದು, ಐದಾರು ಎಲೆಗಳನ್ನು ಒಂದರ ಮೇಲೊಂದು ಇಟ್ಟು ಪತ್ರೊಡೆಯ ಹಾಗೆ ಬಿಗಿಯಾಗಿ ಸುತ್ತಿ, ಮೆಟ್ಟುಗತ್ತಿಯಲ್ಲೋ ಚಾಕುವಿನಲ್ಲೋ ಸಾಧ್ಯವಾದಷ್ಟು ತೆಳ್ಳಗೆ ಹೆಚ್ಚಬೇಕು. ಇಲ್ಲಿ ಸೋಮಾರಿತನ ಮಾಡಬಾರದು. ದಪ್ಪಗೆ ಹೆಚ್ಚಿದ ಕೇಲ್ ಎಲೆ ಚಮಚದಿಂದ ಜೋತುಬಿದ್ದು ಗಲ್ಲಕ್ಕೆ ತಾಗುತ್ತದೆ, ಅಗಿಯಲು ನಾರಾಗುತ್ತದೆ. ಎಳೆಯಾಗಿ ಹೆಚ್ಚಿದ್ದು ನಾಲ್ಕೈದು ನಿಮಿಷದಲ್ಲಿ ಬೆಂದು ಬಟಾಟೆಯ ಗಸಿಯಲ್ಲಿ ಬೆರೆಯುತ್ತದೆ. ತೆಗೆದ ದಂಟು ಎಳೆಯದಾಗಿದ್ದರೆ ಸಣ್ಣಗೆ ಕೊಚ್ಚಿ ಈರುಳ್ಳಿಯ ಜೊತೆ ಹಾಕಬಹುದು.

ಬಟಾಟೆ, ಈರುಳ್ಳಿ, ಪಾತ್ರೆ

ಬಟಾಟೆ ಯಾವ ಊರಿನದಾದರೂ ನಡೆಯುತ್ತದೆ, ಆದರೆ ಬೆಂದ ಮೇಲೆ ಒಡೆದು ಹಿಟ್ಟಾಗುವ ಜಾತಿಯದಾದರೆ ಸೂಪು ತಾನಾಗಿಯೇ ಗಟ್ಟಿಯಾಗುತ್ತದೆ. ಹೊಸ ಬೆಳೆಯ, ಸಿಪ್ಪೆ ಉಗುರಿಗೇ ಏಳುವ ಬಟಾಟೆ ತುಂಡು ತುಂಡಾಗಿಯೇ ಉಳಿಯುತ್ತದೆ. ಶೀತಲಗೃಹದಲ್ಲಿ ಬಹಳ ಕಾಲ ಇದ್ದ ಬಟಾಟೆಯ ಪಿಷ್ಟ ಸ್ವಲ್ಪ ಸಕ್ಕರೆಯಾಗಿ ತಿರುಗಿ ಸಿಹಿಯಾಗಿರುತ್ತದೆ. ಹುಳಿ ಖಾರದ ಈ ಸೂಪಿನಲ್ಲಿ ಅದು ದೋಷವೆನಿಸುವುದಿಲ್ಲ. ಹಸಿರು ಬಣ್ಣ ತಿರುಗಿದ ಅಥವಾ ಮೊಳಕೆ ಬಂದ ಬಟಾಟೆಯಲ್ಲಿ ಸೊಲನಿನ್ ಎಂಬ ವಿಷಕಾರಿ ಅಂಶ ಹೆಚ್ಚಿರುವುದರಿಂದ ಅದನ್ನು ಬಳಸಬಾರದು. ಸಿಪ್ಪೆ ತೆಗೆದು, ಎರಡು ಸೆಂಟಿಮೀಟರಿನಷ್ಟು ದಪ್ಪದ ತುಂಡು ಮಾಡಿ, ಕಪ್ಪಾಗದಂತೆ ನೀರಿನಲ್ಲಿಡಿ.

ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿಯ ಗೊಂಚಲನ್ನು ಅಡುಗೆಮನೆಯಲ್ಲಿ ಗಾಳಿಯಾಡುವ ಕಡೆ ಕಟ್ಟಿಟ್ಟುಕೊಂಡವರು ಅದನ್ನೇ ಬಳಸಲಿ. ಸಾಸೇಜಿನ ಹುಳಿಯನ್ನು ಹದಕ್ಕೆ ತರಲು ಅದಕ್ಕಿಂತ ಒಳ್ಳೆಯದಿಲ್ಲ. ಪಾತ್ರೆ ದಪ್ಪ ತಳದ ಸ್ಟೀಲಿನದಾಗಿರಲಿ, ಮಣ್ಣಿನ ಗಡಿಗೆಯೂ ಆಗುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆಗಳು ವಿನೆಗರಿನೊಡನೆ ವರ್ತಿಸಿ ಲೋಹದ ರುಚಿ ಬಿಡುತ್ತವೆ.

ಮಾಡುವ ಕ್ರಮ

ಮೊದಲು ಬಟಾಟೆಯನ್ನು ಸಾಸೇಜಿನಿಂದ ದೂರವಿಟ್ಟು ಬೇಯಿಸಬೇಕು. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಪದಾರ್ಥ ಬಿಸಿನೀರಿನಲ್ಲಿ ಕರಗಿದಾಗಲೇ ಬಟಾಟೆ ಮೆತ್ತಗಾಗುವುದು. ನೀರಿನಲ್ಲಿ ಹುಳಿಯಿದ್ದರೆ ಪೆಕ್ಟಿನ್ ಕರಗುವುದು ನಿಧಾನವಾಗುತ್ತದೆ. ಹುಣಸೆಹಣ್ಣು ಹಾಕಿದ ಮೇಲೆ ತರಕಾರಿ ಬೇಯುವುದಿಲ್ಲವೆಂದು ಸಾಂಬಾರು ಮಾಡುವವರೆಲ್ಲ ಅನುಭವದಿಂದ ಅರಿತಿರುವುದೂ ಇದನ್ನೇ. ಆದ್ದರಿಂದ ಒಂದೂಕಾಲು ಲೀಟರ್ ನೀರಿಗೆ ಬಟಾಟೆಯ ತುಂಡುಗಳನ್ನೂ ಕಾಲು ಚಮಚ ಉಪ್ಪನ್ನೂ ಮಾತ್ರ ಹಾಕಿ ಕುದಿಯಲಿಡಿ. ಹದಿನೈದು ನಿಮಿಷದ ಹೊತ್ತಿಗೆ ಚಾಕುವಿನ ತುದಿ ತಡೆಯಿಲ್ಲದೆ ಒಳಗೆ ಇಳಿಯಬೇಕು. ಕುಕ್ಕರಿನಲ್ಲಿ ಬೇಯಿಸುವವರು ಒಂದು ಸೀಟಿಗೆ ಇಳಿಸಬಹುದು. ಮೂಳೆ ಕುದಿಸಿದ ರಸವಿದ್ದರೆ ನೀರಿನ ಬದಲು ಅದನ್ನು ಬಳಸಬಹುದು, ಆದರೆ ಅಂಗಡಿಯ ಸೂಪ್ ಕ್ಯೂಬು ಹಾಕುವುದು ಬೇಡ. ಅದರ ಉಪ್ಪೂ ಸಾಸೇಜಿನ ಉಪ್ಪೂ ಸೇರಿದರೆ ಆಮೇಲೆ ಏನು ಮಾಡಿದರೂ ತಿದ್ದಲಾಗುವುದಿಲ್ಲ.

ಬಟಾಟೆ ಬೇಯುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಸಾಸೇಜಿನ ಕೆಲಸ ಶುರುಮಾಡಬಹುದು. ದಾರವನ್ನು ಕತ್ತರಿಸಿ, ಗಂಟಿನ ತುಣುಕುಗಳೆಲ್ಲ ಹೊರಗೆ ಬಂದವೇ ಎಂದು ನೋಡಿಕೊಂಡು, ಹೊದಿಕೆಯನ್ನು ಉದ್ದಕ್ಕೆ ಸೀಳಿ ಒಳಗಿನ ಮಾಂಸವನ್ನು ಹಿಸುಕಿ ತೆಗೆಯಿರಿ. ಸಣ್ಣ ಮಣಿಗಳನ್ನು ಹೊದಿಕೆಯ ಸಮೇತ ಬೇಯಿಸುವವರಿದ್ದಾರೆ. ಸೂಪಿನಲ್ಲಿ ಮಾತ್ರ ಹೊದಿಕೆ ಹಲ್ಲಿಗೆ ಸಿಕ್ಕಿ ರಬ್ಬರಿನಂತಾಗುತ್ತದೆ. ಮಾಂಸವನ್ನು ಬಾಣಲೆಗೆ ಹಾಕಿ ಕಾಲು ಕಪ್ ನೀರು ಸೇರಿಸಿ ಸಣ್ಣ ಉರಿಯಲ್ಲಿಡಿ. ನೀರು ಹಾಕದೆ ನೇರವಾಗಿ ಹುರಿದರೆ ಕೊಬ್ಬು ಕರಗುವ ಮೊದಲೇ ಮೆಣಸಿನ ಮಸಾಲೆ ಸೀದು ಕಹಿಯಾಗುತ್ತದೆ. ನೀರು ಕುದಿದು ಆರುತ್ತಿದ್ದಂತೆ ಬಿಳಿಯ ಕೊಬ್ಬಿನ ತುಂಡುಗಳು ಗಾಜಿನಂತೆ ಪಾರದರ್ಶಕವಾಗಿ, ಬಾಣಲೆಯ ಅಂಚಿಗೆ ಕೆಂಪು ಎಣ್ಣೆ ಬಂದು ನಿಲ್ಲುತ್ತದೆ. ಹತ್ತು ಹನ್ನೆರಡು ನಿಮಿಷದ ಈ ಕೆಲಸದಲ್ಲಿ ಸಿಡಿಯುವ ಸದ್ದು ಜೋರಾದರೆ ನೀರು ಮುಗಿದಿದೆಯೆಂದು ತಿಳಿದು ಇನ್ನೊಂದು ಚಮಚ ನೀರು ಚಿಮುಕಿಸಬೇಕು.

ಈ ಎಣ್ಣೆಯನ್ನು ಏನು ಮಾಡಬೇಕೆಂಬುದರಲ್ಲಿ ಸೂಪಿನ ಖಾರ ನಿಂತಿದೆ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹೀಗಾಗಿ ಬಾಣಲೆಯನ್ನು ಓರೆ ಮಾಡಿ ಎರಡು ಚಮಚದಷ್ಟು ಎಣ್ಣೆ ಉಳಿಸಿ ಮಿಕ್ಕದ್ದನ್ನು ಬಟ್ಟಲಿಗೆ ಬಗ್ಗಿಸಿಟ್ಟರೆ ಜಿಡ್ಡಿನ ಜೊತೆಗೆ ಖಾರವೂ ಇಳಿಯುತ್ತದೆ. ಮಕ್ಕಳು ತಿನ್ನುವ ಮನೆಯಲ್ಲಿ ಇದನ್ನು ತಪ್ಪದೆ ಮಾಡಿ. ಬಗ್ಗಿಸಿಟ್ಟ ಎಣ್ಣೆಯನ್ನು ಚೆಲ್ಲಬೇಡಿ: ಖಾರ ಬೇಕೆನ್ನುವವರ ಬಟ್ಟಲಿಗೆ ಬಡಿಸುವಾಗ ಅರ್ಧ ಚಮಚ ಹನಿಸಬಹುದು, ಮರುದಿನ ಅದರಲ್ಲೇ ಮೊಟ್ಟೆ ಹುರಿಯಬಹುದು.

ಬಾಣಲೆಯಲ್ಲಿ ಉಳಿದ ಎಣ್ಣೆ ಮತ್ತು ಮಾಂಸಕ್ಕೆ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ ಹಾಕಿ ಈರುಳ್ಳಿ ಮೆತ್ತಗಾಗುವ ತನಕ ಬಾಡಿಸಬೇಕು. ಕೆಂಪಗೆ ಹುರಿಯುವ ಅಗತ್ಯವಿಲ್ಲ.

ಇಷ್ಟರಲ್ಲಿ ಬಟಾಟೆ ಬೆಂದಿರುತ್ತದೆ. ಅದರ ಮೂರನೆಯ ಒಂದು ಪಾಲನ್ನು ಪಾತ್ರೆಯಲ್ಲಿಯೇ ಸೌಟಿನ ಬೆನ್ನಿನಿಂದಲೋ ಕಡೆಗೋಲಿನಿಂದಲೋ ಮಸೆಯಬೇಕು. ಮಿಕ್ಸರಿಗೆ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಬ್ಲೇಡಿನ ವೇಗಕ್ಕೆ ಬಟಾಟೆಯ ಪಿಷ್ಟವೆಲ್ಲ ಹೊರಗೆ ಬಂದು ಸೂಪು ಗೋಂದಿನಂತೆ ಎಳೆಯಾಗುತ್ತದೆ. ಮಸೆದ ಬಟಾಟೆ ನೀರಿನಲ್ಲಿ ಬೆರೆತು, ತುಂಡುಗಳು ಅದರಲ್ಲಿ ಅಲ್ಲಲ್ಲಿ ತೇಲುತ್ತಿರುವಂತಿದ್ದರೆ ಹದ ಸರಿಯಾಗಿದೆ. ಮೈದಾ, ಕಾರ್ನ್‌ಫ್ಲೋರ್ ಯಾವುದೂ ಬೇಡ. ಈಗ ಬಾಣಲೆಯ ಸಾಸೇಜು, ಈರುಳ್ಳಿಯನ್ನೆಲ್ಲ ಪಾತ್ರೆಗೆ ಹಾಕಿ, ಬಾಣಲೆಯ ತಳಕ್ಕೆ ಹಿಡಿದ ಮಸಾಲೆಯನ್ನು ಒಂದು ಸೌಟು ಸೂಪಿನಿಂದ ಕೆರೆದು ಅದನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಮಾಂಸದ ದೊಡ್ಡ ತುಂಡೊಂದನ್ನು ಮುರಿದು ನೋಡಿದಾಗ ನಡುವೆ ಹಸಿ ಬಣ್ಣ ಕಾಣದೆ, ಹಲ್ಲಿಗೆ ಮೆತ್ತಗಿರಬೇಕು. ಮಸಾಲೆಯ ಕೆಂಪು ಬೇರೆ, ಹಸಿ ಮಾಂಸದ ಗುಲಾಬಿ ಬೇರೆ. ಸಂಶಯವಿದ್ದರೆ ಇನ್ನೈದು ನಿಮಿಷ ಬಿಡಿ. ಅಡುಗೆ ತಾಪಮಾಪಕ ಇದ್ದವರು 71 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ ಎಂದು ನೋಡಿಕೊಳ್ಳಬಹುದು.

ಸೊಪ್ಪಿಗೆ ಕೊನೆಯ ಸರದಿ. ಎಲೆಯ ಹಸಿರು ಬಣ್ಣ ಬಿಸಿಯಲ್ಲಿ ಹುಳಿಯೊಡನೆ ಹೆಚ್ಚು ಹೊತ್ತು ಇದ್ದರೆ ಮಾಸಲು ಕಂದಾಗುತ್ತದೆ, ಮುಚ್ಚಳ ಮುಚ್ಚಿದರೆ ಇನ್ನೂ ಬೇಗ, ಏಕೆಂದರೆ ಎಲೆಯಿಂದಲೇ ಹೊರಡುವ ಆವಿಯ ಹುಳಿ ಮತ್ತೆ ಪಾತ್ರೆಗೇ ಬೀಳುತ್ತದೆ. ಆದ್ದರಿಂದ ಉಳಿದದ್ದೆಲ್ಲ ಬೆಂದ ಮೇಲೆ, ಉರಿ ದೊಡ್ಡದು ಮಾಡಿ, ಸೂಪು ಕೊತಕೊತ ಕುದಿಯುವಾಗ ಹೆಚ್ಚಿದ ಸೊಪ್ಪನ್ನು ಮೂರು ನಾಲ್ಕು ಕಂತಿನಲ್ಲಿ ಹಾಕಿ ಮುಚ್ಚಳವಿಲ್ಲದೆ ಬೇಯಿಸಿ. ಎಳೆಯ ಕೇಲ್ ಆದರೆ ನಾಲ್ಕೈದು ನಿಮಿಷ, ನವಿಲುಕೋಸಿನ ಎಲೆಗೆ ಏಳೆಂಟು, ನುಗ್ಗೆಗೆ ಮೂರು. ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸ ಕೆಲವರಿಗಿದೆ. ಅದರಿಂದ ಬಣ್ಣ ಉಳಿದೀತು, ಆದರೆ ಎಲೆ ಲೋಳೆಯಾಗಿ ಸಿ ಜೀವಸತ್ವವೂ ನಾಶವಾಗುತ್ತದೆ.

ರುಚಿ ನೋಡಿ ಉಪ್ಪು ಹಾಕುವುದು ಇದಾದ ಮೇಲೆಯೇ. ಬಹಳ ಸಲ ಹಾಕಬೇಕಾಗಿಯೇ ಬರುವುದಿಲ್ಲ. ಬೇಕೆನಿಸಿದರೆ ಚಿಟಿಕೆಯಿಂದ ಶುರುಮಾಡಿ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಹರಳುಪ್ಪು ಬಳಸುವ ಮನೆಗಳಲ್ಲಿ ಅದು ಕರಗಲು ಒಂದೆರಡು ನಿಮಿಷ ಬೇಕೆಂಬುದನ್ನು ಮರೆತು ಮತ್ತೆ ಮತ್ತೆ ಹಾಕಬಾರದು. ಉಪ್ಪು ಹೆಚ್ಚಾಗಿಯೇ ಹೋದರೆ ಬಿಸಿನೀರು ಮತ್ತು ಬೇರೆಯಾಗಿ ಬೇಯಿಸಿ ಮಸೆದ ಒಂದು ಬಟಾಟೆ ಸೇರಿಸಿ ಪ್ರಮಾಣವನ್ನೇ ಹೆಚ್ಚಿಸಬೇಕು. ಇಡೀ ಬಟಾಟೆ ಹಾಕಿ ತೆಗೆದರೆ ಉಪ್ಪು ಹೀರುತ್ತದೆಂಬ ಮಾತನ್ನು ನಂಬಿ ಪ್ರಯೋಜನವಿಲ್ಲ, ಅದು ಹೀರುವುದು ಉಪ್ಪುನೀರನ್ನು, ಉಪ್ಪನ್ನಷ್ಟೇ ಅಲ್ಲ. ಕೊನೆಯಲ್ಲಿ ಕುಟ್ಟಿದ ಕಾಳುಮೆಣಸು ಉದುರಿಸಿ ಇಳಿಸಿ.

ಕ್ರೀಮಿನ ಬದಲು ಅರ್ಧ ಕಪ್ ದಪ್ಪ ತೆಂಗಿನಹಾಲು ಸೇರಿಸಿದರೆ ಈ ಕರಾವಳಿಯ ನಾಲಿಗೆಗೆ ಹಿತವಾಗುತ್ತದೆ. ಕುದಿಯುವ ಹುಳಿಯಲ್ಲಿ ತೆಂಗಿನಹಾಲು ಒಡೆಯುವುದರಿಂದ ಒಲೆಯಾರಿಸಿ, ಐದು ನಿಮಿಷ ಬಿಟ್ಟು, ಸುರಿದು ಕಲಕಬೇಕು, ಮತ್ತೆ ಕುದಿಸಬಾರದು. ನಾನು ಹಾಲಿಲ್ಲದ ರೂಪವನ್ನೇ ಮೆಚ್ಚುತ್ತೇನೆ; ಸಾಸೇಜಿನ ಹುಳಿ ಅದರಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ. ಜೊತೆಗೆ ಬೇಕರಿಯ ಪಾವನ್ನು ಕಾವಲಿಯ ಮೇಲೆ ಗರಿಯಾಗಿ ಸುಟ್ಟುಕೊಂಡರೆ ಸಾಕು. ಕುಚ್ಚಲಕ್ಕಿ ಅನ್ನದ ಮೇಲೆ ಸುರಿದುಕೊಂಡು ಉಣ್ಣುವವರನ್ನೂ ತಡೆಯಬೇಕಾಗಿಲ್ಲ.

ಹಂದಿಮಾಂಸ ತಿನ್ನದ ಮನೆಗಳಲ್ಲಿ

ಅಂಗಡಿಯ ಫ್ರೀಜರಿನಲ್ಲಿ ಸಿಗುವ ಕೋಳಿ ಸಾಸೇಜು ಸಾಮಾನ್ಯವಾಗಿ ಮೊದಲೇ ಬೆಂದಿರುವ, ಸಪ್ಪೆ ರುಚಿಯ ಪದಾರ್ಥ. 300 ಗ್ರಾಂ ತೆಗೆದುಕೊಂಡು ಬಿಲ್ಲೆ ಮಾಡಿ ಎರಡು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು, ಈರುಳ್ಳಿಯ ಜೊತೆಗೆ ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ ಮತ್ತು ಅರ್ಧ ಚಮಚ ಜಜ್ಜಿದ ಬಡೆಸೋಪು ಹಾಕಬೇಕು. ಇಟಾಲಿಯನ್ ಸಾಸೇಜಿನ ಪರಿಮಳ ಬಹುಪಾಲು ಬಡೆಸೋಪಿನದೇ. ವಿನೆಗರು ಒಂದು ಚಮಚ, ಒಲೆಯಾರಿಸಿದ ಮೇಲೆ. ಶಿರಸಿ, ಸಿದ್ದಾಪುರದ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ರಾತ್ರಿ ನೆನೆಸಿದ ಅಲಸಂದೆ ಕಾಳನ್ನು ಬೇರೆಯಾಗಿ ಮೆತ್ತಗೆ ಬೇಯಿಸಿ ಸಾಸೇಜಿನ ಜಾಗದಲ್ಲಿ ಹಾಕಿ, ಹೊಗೆಯ ವಾಸನೆ ಬೇಕಿದ್ದರೆ ಸಣ್ಣ ಬಟ್ಟಲಿನಲ್ಲಿ ಕೆಂಡವಿಟ್ಟು ಅದರ ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು, ಸೂಪಿನ ಮೇಲೆ ತೇಲಿಸಿ ಎರಡು ನಿಮಿಷ ಮುಚ್ಚಿಡಬಹುದು. ಹುಳಿಗೆ ವಿನೆಗರಿನ ಬದಲು ಮುರುಗಲು ಸಿಪ್ಪೆ ಒಂದೆರಡು ಸಾಕು, ಅದೂ ಕಾಳು ಬೆಂದ ಮೇಲೆಯೇ. ಕಾಳಿಗೂ ಹುಳಿಗೂ ಬಟಾಟೆಗಿರುವ ಜಗಳವೇ ಇದೆ.

ಉಳಿದರೆ

ಕರಾವಳಿಯ ಸೆಕೆಯಲ್ಲಿ ಮಾಂಸದ ಸೂಪನ್ನು ರಾತ್ರಿಯಿಡೀ ಹೊರಗಿಡಬಾರದು. ಇಳಿಸಿದ ಎರಡು ತಾಸಿನೊಳಗೆ ಅಗಲವಾದ ಪಾತ್ರೆಗೆ ಬಗ್ಗಿಸಿ ಆರಿಸಿ ಫ್ರಿಜ್ಜಿಗೆ ಸೇರಿಸಿದರೆ ಎರಡು ದಿನ ಚೆನ್ನಾಗಿರುತ್ತದೆ. ಮೇಲೆ ಹೆಪ್ಪುಗಟ್ಟಿದ ಕೆಂಪು ಕೊಬ್ಬನ್ನು ಚಮಚದಿಂದ ಎತ್ತಿ ತೆಗೆಯಲು ಆಗಲೇ ಸುಲಭ. ಫ್ರೀಜರಿನಲ್ಲಿ ಇಡುವುದು ಬೇಡ, ಬಟಾಟೆ ನೀರೊಡೆದು ಮರಳು ಮರಳಾಗುತ್ತದೆ. ಎರಡು ಹೊತ್ತಿಗೆಂದೇ ಮಾಡುವವರು ಸೊಪ್ಪು ಹಾಕುವ ಮುಂಚೆಯೇ ಅರ್ಧ ಭಾಗ ಎತ್ತಿಟ್ಟು, ಮರುದಿನ ಅದನ್ನು ಚೆನ್ನಾಗಿ ಕುದಿಬರಿಸಿ, ಹೊಸದಾಗಿ ಹೆಚ್ಚಿದ ಸೊಪ್ಪನ್ನು ಆಗಲೇ ಹಾಕಬೇಕು. ರಾತ್ರಿ ಕಳೆದ ಬಟಾಟೆ ನೀರು ಹೀರಿ ಸೂಪು ಗಟ್ಟಿಯಾಗಿರುವುದರಿಂದ, ಬಿಸಿ ಮಾಡುವಾಗ ಒಂದು ಲೋಟ ಬಿಸಿನೀರು ಸೇರಿಸಿಕೊಳ್ಳಬೇಕಾಗುತ್ತದೆ.